ಎಮ್ಮೆಗೂ ಒಂದು ಪ್ರಶ್ನೆ

ಸಭೆಯಲ್ಲಿ ಆಸೀನರಾದ ಅಕ್ಕ, ಭಾವ, ಮತ್ತು ಎಲ್ಲರಿಗಿಂತ ಮೊದಲು ಇದನ್ನು ಓದುವ ಪೋಸ್ಟ್‌ಮ್ಯಾನ್ ಮಹಾಶಯರೇ,

ಎಲ್ಲರಿಗೂ ನಮಸ್ಕಾರ, ಕಾರ್ಡಿನಲ್ಲಿ ಜಾಗಕ್ಕೆ ಬರ, ಆದ್ದರಿಂದ ಒಂದೇ ಸಮಾಚಾರ.

ಸಾನಮಾವು ಕಾಡಿನಂಚಿನ ಒಂದು ಹಳ್ಳಿಗೆ ಮನೋರೋಗ ವಿಭಾಗದ ನರ್ಸಾದ ನಾನು ವಾರವಾರ ಹೋಗುವುದು ಒಬ್ಬನೇ ಹುಡುಗನಿಗಾಗಿ. ಯಾರಿಗೆ ಕಾಯಿಲೆಯೆಂದು ಊರಿಗೆ ತಿಳಿಯಬಾರದಲ್ಲ, ಅದಕ್ಕೆ ಬೀದಿಯವರನ್ನೆಲ್ಲ “ನಿದ್ದೆ ಬರುತ್ತಾ?” ಎಂದು ಕೇಳುತ್ತಾ ಹೋಗುತ್ತೇನೆ. ಇವತ್ತು ಅವನ ತಾಯಿ ನನ್ನನ್ನು ಕೊಟ್ಟಿಗೆಗೇ ಕರೆದೊಯ್ದರು.

“ನಮ್ಮೆಮ್ಮೇನೂ ಕೇಳ್ಬುಡಿ ಸಿಸ್ಟರ್. ಎದುರುಮನೆ ಹಸೂನ ಮಾತಾಡಿಸ್ಬುಟ್ಟು ನಮ್ದನ್ನ ಬಿಟ್ರೆ ಜನ ಅನುಮಾನ ಪಡ್ತಾರೆ.”

ಕೇಳಿದೆ. ಎಮ್ಮೆ ಮೆಲುಕು ಹಾಕಿತು, ನಾನು ಗಂಭೀರವಾಗಿ ಬರೆದುಕೊಂಡೆ. ತಿಂಗಳುಗಟ್ಟಲೆ ತುಟಿ ಬಿಚ್ಚದ ಹುಡುಗ ಬಾಗಿಲಲ್ಲಿ ನಿಂತು ನಕ್ಕುಬಿಟ್ಟ.

“ನಿಮ್ಗೆ ಬತ್ತದಾ ಸಿಸ್ಟರ್, ನಿದ್ದೆ?” ಎಂದ.

“ಬರದೇ ಏನಪ್ಪಾ, ಸೊಗಸಾಗಿ ಬರುತ್ತೆ,” ಎಂದೆ.

ಮಂಡಿನೋವು ಕಡಿಮೆ. ನೀನು ಕಳಿಸಿದ ಹುರಿಹಿಟ್ಟು ತಲುಪಿತು. ಮೂಕಂಡಪಲ್ಲಿ ಬಸ್ಸು ಬಂತು, ನಿಲ್ಲಿಸುತ್ತೇನೆ.

ನಿನ್ನ ತಂಗಿ
ಮಾಲಿನಿ

ಪೋಸ್ಟ್‌ಮ್ಯಾನ್ ಓದಿಕೊಳ್ಳಲಿ ಬಿಡು, ಅಕ್ಕಾ. ಆ ಹುಡುಗನಿಗೆ ಹೇಳಿದ್ದು ಸುಳ್ಳು. ಕೆಲಸಕ್ಕೆಂದು ಈ ಹೊಸೂರಿಗೆ ಬಂದಾಗಿನಿಂದ ನನಗೆ ಸರಿಯಾಗಿ ನಿದ್ದೆಯೇ ಇಲ್ಲ. ನಾಲ್ಕು ದಿನ ಬಂದು ನನ್ನ ಜೊತೆ ಇರು.