ಸಲಕರಣೆ ಚೀಲ ಮನೆಯಲ್ಲೇ ಇರಲಿ

ರೀ,

ನೀವು ಯಾರದೋ ಮನೆಯ ಬೀಗ ತೆಗೆಯಲು ಹೋದಿರಿ, ಇಲ್ಲಿ ಅಕ್ಕನ ಗಾಡಿ ಬಂದೇಬಿಟ್ಟಿತು. ಮೊನ್ನೆ ಮಾತಾಡಿಕೊಂಡ ಹಾಗೆ ಮಾನಸಿಕ ಆಸ್ಪತ್ರೆಗೆ ಸೇರಲು ಹೊರಟೆ. ಮುಖ ಸಣ್ಣದು ಮಾಡಿಕೊಂಡು ಕೂರಬೇಡಿ. ಅಡುಗೆ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ಉಣ್ಣಿ. ಪಾತ್ರೆ ಸೀದರೆ ನೀವೇ ಉಜ್ಜಬೇಕು.

ಅತ್ತೆ "ಅಲ್ಲಿ ಕೂಡಿ ಹಾಕ್ತಾರಂತೆ" ಅಂದರೆ ಹೆದರಬೇಡಿ. ಡಾಕ್ಟರಮ್ಮ ಕಾನೂನು ಬಿಡಿಸಿ ಹೇಳಿದ್ದಾರೆ: "ನೀವಾಗೇ ಬಂದು ಸೇರ್ತಿದ್ದೀರಿ, ನಿಮ್ಮ ಸಹಿ ಸಾಕು. ಹೊರಡ್ತೀನಿ ಅಂದ್ರೆ ಕಳಿಸಿಕೊಡ್ತೀವಿ. ನಿಮಗೇನಾದ್ರೂ ಅಪಾಯ ಆಗ್ಬಹುದು ಅಂತ ತೀರಾ ಅನುಮಾನ ಬಂದ್ರೆ ಒಂದು ದಿನ ನಿಲ್ಲಿಸ್ಕೊಂಡು ಪರೀಕ್ಷೆ ಮಾಡ್ಬಹುದು, ಅಷ್ಟೇ."

"ನಮ್ಮ ಯಜಮಾನ್ರ ಸಹಿ ಬೇಡ್ವಾ?" ಅಂದೆ. ನಕ್ಕುಬಿಟ್ಟರು.

ಆದ್ದರಿಂದ ಭಾನುವಾರ ನನ್ನನ್ನು ನೋಡಲು ಬರುವಾಗ ಆ ಸಲಕರಣೆ ಚೀಲ ಹೆಗಲಿಗೇರಿಸಿಕೊಂಡು ಬರಬೇಡಿ. ನಿಮ್ಮನ್ನು ನಾನು ಬಲ್ಲೆ! ಬಾಚಣಿಗೆ ಮರೆತಿದ್ದೇನೆ, ಅದನ್ನು ತನ್ನಿ.

ಊರವರ ಬೀಗವೆಲ್ಲ ರಿಪೇರಿ ಮಾಡುತ್ತೀರಿ, ನಮ್ಮ ಬಾಗಿಲನ್ನು ಮಾತ್ರ ಇನ್ನೂ ಎತ್ತಿ ಹಿಡಿದೇ ಕೀ ತಿರುಗಿಸಬೇಕು. ನಾನು ನಾಲ್ಕು ದಿನ ಕಣ್ತುಂಬ ನಿದ್ದೆ ಮಾಡಿ ಬರುವಷ್ಟರಲ್ಲಿ ಅದನ್ನು ಸರಿ ಮಾಡಿ. ಹೊಸ ಬೀಗ ಮಾತ್ರ ಹಾಕಬೇಡಿ. ಹಳೆಯದರ ಕೀ ನನ್ನ ಪರ್ಸಿನಲ್ಲಿದೆ.