ಎಚ್ಚರಮದ್ದಿನ ಕೊಡ

ಮುನ್ನೂರ ಹನ್ನೆರಡನೆಯ ತೆರವು, ನೂರ ಹತ್ತನೆಯ ದಿನ
(ನಿಮ್ಮ ಎಣಿಕೆಯಲ್ಲಿ ಕ್ರಿ.ಶ. ೨೩೯೮)

ಕೊಡಕ್ಕೆ ಅರಗು ಹಾಕಿದ ಹನ್ನೊಂದು ಮಂದಿ ಹಿರಿಯರಿಗೆ,

ಹಿಂದಿನ ಕಾಲಕ್ಕೆ ಕಳಿಸುವ ಈ ಕಾಗದ ತಲುಪುವಾಗ ನೀವು ಇನ್ನೂ ಹಾಲುಹಲ್ಲಿನ ಮಕ್ಕಳಾಗಿರಬಹುದು. ಯಾವ ಕೊಡ, ಯಾವ ಅರಗು ಎಂದು ನಿಮಗೆ ಹೊಳೆಯಲಾರದು. ನನ್ನ ಕೆಲವು ಮಾತುಗಳೂ ಹೊಸವೆನಿಸುತ್ತವೆ. ಅದಕ್ಕೆ ಕ್ಷಮೆ ಇರಲಿ. ಅರ್ಥವನ್ನು ಅಲ್ಲಲ್ಲೇ ಹೇಳುತ್ತ ಹೋಗುತ್ತೇನೆ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ.

ನನ್ನ ಹೆಸರು ಹಂಪವ್ವ. ಕೃಷ್ಣೆಯ ದಂಡೆಯ ಒಂದು ಊರಿನಲ್ಲಿ ಎಬ್ಬಿಸುವ ಕೆಲಸ ಮಾಡುತ್ತೇನೆ. ನಿಮ್ಮ ಹಿಂದಿನವರು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಜೋಳ ತುಂಬಿಡುತ್ತಿದ್ದರಂತೆ. ನಾವು ಅದರಲ್ಲಿ ನಮ್ಮನ್ನೇ ಇಟ್ಟುಕೊಳ್ಳುತ್ತೇವೆ. ಬಿಸಿಲು ಏರುತ್ತಿದ್ದಂತೆ ಮೈ ತಾನಾಗಿ ತಣ್ಣಗಾಗುತ್ತದೆ, ಉಸಿರು ನಿಮಿಷಕ್ಕೊಂದಾಗುತ್ತದೆ, ಕೆಸರೊಳಗಿನ ಕಪ್ಪೆಯ ಹಾಗೆ ನಿದ್ರೆಗೆ ಬೀಳುತ್ತೇವೆ. ಅದಕ್ಕೆ ಮುಚ್ಚುಗಾಲ ಎಂದು ಹೆಸರು. ಎದ್ದಿರುವ ತಿಂಗಳುಗಳು ತೆರವು. ಮಳೆ ಬಿದ್ದು ನೆಲ ತಣಿದ ಮೇಲೆ, ಎಲ್ಲರಿಗಿಂತ ಹಗುರ ನಿದ್ರೆಯ ನಾನು ಮೊದಲು ಏಳುತ್ತೇನೆ. ಒಂದೊಂದೇ ಹಗೇವಿನ ಬಾಯಿಕಲ್ಲು ಸರಿಸಿ ಒಂದು ದಿನ ಗಾಳಿಯಾಡಲು ಬಿಡುತ್ತೇನೆ, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತೇನೆ. ಮಲಗಿದವರ ಉಸಿರು ಕೆಟ್ಟ ಗಾಳಿಯಲ್ಲೂ ನಡೆಯುತ್ತದೆ, ಎದ್ದವರದು ನಡೆಯುವುದಿಲ್ಲ. ದೀಪ ಆರದಿದ್ದರೆ ಇಳಿದು, ನಾಲಿಗೆಗೆ ಬೆಲ್ಲದ ನೀರು ಬಿಟ್ಟು, ಕಿವಿಯಲ್ಲಿ ಮೂರು ಸಲ ಹೆಸರು ಕರೆಯುತ್ತೇನೆ. ಏಳದವರನ್ನು ಹತ್ತು ದಿನ ಬಿಟ್ಟು ಮತ್ತೆ ಕರೆಯಬೇಕು.

ಈ ಮೈಯನ್ನು ಮಾಡಿಕೊಟ್ಟವರು ನೀವು. ಬದುಕಲಾಗದ ಬೇಸಿಗೆಗಳು ಬಂದಾಗ, ಹುಟ್ಟಲಿರುವ ಮಕ್ಕಳ ದೇಹದ ಬೀಜವನ್ನೇ ತಿದ್ದಲು ಊರನ್ನು ಒಪ್ಪಿಸಿದಿರಿ. ಜನ ಹೆದರಿದ್ದರು. ಆಗ ಗುಡಿಯಲ್ಲಿ ಒಂದು ತಾಮ್ರದ ಕೊಡ ಇಟ್ಟು, ಇದರಲ್ಲಿ ಎಚ್ಚರಮದ್ದು ಇದೆ, ನಿದ್ರೆ ಭಾರವಾದ ದಿನ ತೆರೆದು ಕುಡಿಯಿರಿ ಎಂದಿರಿ. ಜನ ಒಪ್ಪಿದ್ದು ಆ ಮಾತಿಗೆ. ನಾಲ್ಕೇ ತಿಂಗಳ ನಿದ್ರೆ ಎಂದೂ ಹೇಳಿದ್ದಿರಿ. ದೇಹ ಯಾರ ಮಾತನ್ನೂ ಕೇಳುವುದಿಲ್ಲ. ಬೇಗ ಎದ್ದವರು ಬಿಸಿಲಿಗೆ ಸತ್ತರು, ಹೆಚ್ಚು ಮಲಗಿದವರು ಉಳಿದು ಮಕ್ಕಳನ್ನು ಹೆತ್ತರು. ಹನ್ನೆರಡು ತಲೆಮಾರಿನಲ್ಲಿ ನಾಲ್ಕು ತಿಂಗಳು ಏಳಾಯಿತು. ನನ್ನ ಮಗಳು ನಿಂಬೆವ್ವಳಿಗೆ ಅದು ಒಂಬತ್ತು. ಅವಳು ಹುಟ್ಟಿ ಎಂಟು ವರ್ಷ, ಎದ್ದು ಕಳೆದದ್ದು ಎರಡು ವರ್ಷ. ಒಂದು ಹಲ್ಲೂ ಬಿದ್ದಿಲ್ಲ. ಪ್ರತಿ ಸಲ ಕಣ್ಣು ಬಿಟ್ಟಾಗ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಗುರುತು ಹಿಡಿದು, ಆಮೇಲೆ ನಗುತ್ತಾಳೆ.

ಈ ವರ್ಷ ಅವಳು ಐವತ್ತು ದಿನದ ಹಿಂದೆಯೇ ಏಳಬೇಕಿತ್ತು. ಐದು ಸಲ ಇಳಿದು ಕರೆದಿದ್ದೇನೆ. ಇನ್ನು ನಲವತ್ತು ದಿನಕ್ಕೆ ಮುಚ್ಚುಗಾಲ. ಅಷ್ಟರಲ್ಲಿ ಎದ್ದು ಉಣ್ಣದಿದ್ದರೆ, ಇನ್ನೊಂದು ನಿದ್ರೆಗೆ ಬೇಕಾದ ಕಸುವು ಆ ಮೈಯಲ್ಲಿ ಇಲ್ಲ.

ಹಾಗಾಗಿ ನಿನ್ನೆ ಗುಡಿಗೆ ಹೋದೆ. ತೆರೆಯಲೆಂದು ಇಟ್ಟ ಕೊಡ ಈಗ ದೇವರಾಗಿದೆ, ದಿನವೂ ಪೂಜೆಯಿದೆ. ನನ್ನ ಅಜ್ಜಿ ಇಬ್ಬರು ಮಕ್ಕಳನ್ನು ಹಗೇವಿನಲ್ಲೇ ಕಳೆದುಕೊಂಡಳು. ಕೊಡದ ಮುಂದೆ ಮೈಯುದ್ದ ಅಡ್ಡಬಿದ್ದು ದೀಡ ನಮಸ್ಕಾರ ಹಾಕಿದಳೇ ಹೊರತು ತೆರೆಯಲಿಲ್ಲ. ಪೂಜಾರಿ ಸೋಮಯ್ಯನವರು ಬಾಗಿಲಿಗೆ ಅಡ್ಡ ನಿಂತರು. "ಮುಟ್ಟಬ್ಯಾಡ ಹಂಪವ್ವ. ಹನ್ನೆರಡು ತಲಿಯಿಂದ ಮಂದಿ ಕೈ ಮುಗದಾರ. ಅವರ್ಯಾರಿಗೂ ಬರದ ಅವಸರ ನಿನಗ್ಯಾಕ?" ಕಟ್ಟೆಯ ಮೇಲಿದ್ದ ನೆರೆಮನೆಯ ಲಗಮವ್ವ ನಕ್ಕಳು. "ನನ್ನವು ಮೂರೂ ಎದ್ದು ತಲಿ ತಿನ್ನಾಕತ್ಯಾವ. ನಿನ್ನ ಮಗಳು ಶಾಣ್ಯಾಕಿ ಬಿಡು."

"ದೇವರಿಗೆ ಅವಸರ ಇಲ್ರಿ ಅಯ್ನೋರ," ಎಂದೆ. "ನಿಂಬೆವ್ವಗೂ ಇಲ್ಲ. ನನಗ ಅದ."

ಅವರು ಸರಿದರು. ಅರಗು ಒಡೆದೆ. ಒಳಗೆ ಭಾರಕ್ಕೆಂದು ತುಂಬಿದ ಹೊಳೆಯ ಉಸುಕು, ಒಂದು ಅರಿಸಿನ ಕೊಂಬು, ಮೇಣ ಹಚ್ಚಿದ ಕಾಗದ. ಕಾಗದದಲ್ಲಿ ನಿಮ್ಮ ಹನ್ನೊಂದು ರುಜು. "ಮದ್ದು ನಮಗೆ ಸಿಗಲಿಲ್ಲ. ಹಾಗೆಂದಿದ್ದರೆ ಯಾರೂ ಒಪ್ಪುತ್ತಿರಲಿಲ್ಲ. ಒಪ್ಪದಿದ್ದರೆ ಯಾರೂ ಉಳಿಯುತ್ತಿರಲಿಲ್ಲ."

ಲಗಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೋಮಯ್ಯನವರು ಉಸುಕಿನ ಪಕ್ಕದಲ್ಲೇ ಕುಳಿತುಬಿಟ್ಟರು. "ಹಂಗಾರ ನಾ ದಿನಾ ದೀಪ ಹಚ್ಚಿದ್ದು ಯಾರಿಗೆ?" ಎಂದರು.

ನೀವು ಬರೆದದ್ದು ನಿಜವೇ ಇರಬಹುದು. ಆ ಸುಳ್ಳಿನಿಂದಲೇ ನಾನು ಹುಟ್ಟಿದ್ದೇನೆ, ನಿಂಬೆವ್ವಳೂ ಹುಟ್ಟಿದ್ದಾಳೆ. ನಿದ್ರೆ ಕೊಟ್ಟಿರೆಂದು ನಾನು ದೂರುತ್ತಿಲ್ಲ. ಕೊಡದಲ್ಲಿ ಮದ್ದಿಲ್ಲವೆಂದು ತಿಳಿದಿದ್ದರೆ ನನ್ನ ಅಜ್ಜಿ ಮದ್ದು ಹುಡುಕುತ್ತಿದ್ದಳು. ಅವಳ ಅಜ್ಜಿಯೂ ಹುಡುಕುತ್ತಿದ್ದಳು. ಮುನ್ನೂರು ವರ್ಷದಲ್ಲಿ ಯಾರ ಕೈಗಾದರೂ ಸಿಗುತ್ತಿತ್ತೋ ಏನೋ. ಇದೆ ಎಂದು ನಂಬಿದ್ದನ್ನು ಯಾರು ಹುಡುಕುತ್ತಾರೆ? ನಾನೀಗ ಮೊದಲಿನಿಂದ ಹೊರಡಬೇಕು, ನಲವತ್ತು ದಿನ ಇಟ್ಟುಕೊಂಡು.

ಅರಗು ಮತ್ತೆ ಹಾಕೋಣವೇ ಎಂದು ಊರವರು ಕೇಳಿದರು. ಬೇಡವೆಂದೆ. ಕೊಡವನ್ನು ಬಾವಿಕಟ್ಟೆಯ ಮೇಲೆ ಬೋರಲು ಹಾಕಿದ್ದೇನೆ, ನೀರಿಗೆ ಬಂದವರೆಲ್ಲ ನೋಡಲಿ.

ನಿಮ್ಮಲ್ಲಿ ಒಂದೇ ಕೋರಿಕೆ. ನೀವು ದೊಡ್ಡವರಾಗುತ್ತೀರಿ, ಆ ಬೇಸಿಗೆ ಬರುತ್ತದೆ, ಕೊಡವನ್ನೂ ಇಡುತ್ತೀರಿ. ಇಡಿ. ಆದರೆ ಒಳಗೆ ಬರೆದ ಆ ಮೂರು ಸಾಲನ್ನು ಹೊರಗೆ ಬರೆಯಿರಿ, ದೊಡ್ಡ ಅಕ್ಷರದಲ್ಲಿ, ನನ್ನ ಅಜ್ಜಿ ಅಡ್ಡಬಿದ್ದಾಗ ಕಣ್ಣಿಗೆ ಬೀಳುವಷ್ಟು ಕೆಳಗೆ.

ಹಗೇವಿಗೆ ಇಳಿಬಿಟ್ಟ ದೀಪ ಉರಿಯುತ್ತಿದೆ. ಆರನೆಯ ಸಲ ಕರೆಯಲು ಇಳಿಯುತ್ತೇನೆ.

ಹಂಪವ್ವ