ವಾಲಿಯ ಕುರ್ಚಿ

ಅಳದಂಗಡಿ, ಶುಕ್ರವಾರ

ಶಂಭು ಸರ್ ಅವರಿಗೆ,

ನಮಸ್ಕಾರ. ವೆಕ್ಟರ್‌ಗಳನ್ನು ದ್ವಂದ್ವ ತತ್ತ್ವದ ಕಣ್ಣಿನಿಂದ ನೋಡಿದ ನನ್ನ ಪ್ರಬಂಧವನ್ನು ಮೂಡುಬಿದಿರೆಯ ವಿಚಾರಗೋಷ್ಠಿಯಿಂದ ಕೈಬಿಟ್ಟಿರಿ, ಇರಲಿ. ನಾನು ಪಾಠ ಮಾಡುವ ಮಕ್ಕಳೆದುರೇ ಅದನ್ನು ಎತ್ತಿ ಹಿಡಿದು, "ಇದು ಗಣಿತವಾ ಮಾರಾಯ್ತಿ, ತಾಳಮದ್ದಳೆಯಾ?" ಎಂದು ನಗಿಸಿದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಹೇಳಿದ್ದು ಇಷ್ಟೇ. ಯಾವ ವೆಕ್ಟರೂ ಒಂಟಿಯಾಗಿ ನಿಲ್ಲುವುದಿಲ್ಲ, ಅಷ್ಟೇ ಅಳತೆಯ, ವಿರುದ್ಧ ದಿಕ್ಕಿನದೊಂದು ಅದಕ್ಕೆ ಬೇಕೇ ಬೇಕು. ಎರಡೂ ಕೂಡಿದರೆ ಸೊನ್ನೆ ವೆಕ್ಟರ್. ಆ ಸೊನ್ನೆ ನಾಶವಲ್ಲ; ಅದನ್ನು ತೆಗೆದರೆ ವೆಕ್ಟರ್‌ಗಳ ಲೋಕವೇ ನಿಲ್ಲದು. ಇದರಲ್ಲಿ ಸುಳ್ಳು ಯಾವುದುಂಟು? ಕೆಂಪು ಶಾಯಿಯಲ್ಲಿ ಪುಟದುದ್ದ ಗೀಟು ಹಾಕಿದಿರಿ, ತಪ್ಪು ಮಾತ್ರ ತೋರಿಸಲಿಲ್ಲ. ಪ್ರಬಂಧವನ್ನು ಸೋಮವಾರ ನನ್ನ ಮೇಜಿನ ಮೇಲೆ ಇಡಿಸಿ.

ಭಾನುವಾರ ತೋಡಾರಿನ ತಾಳಮದ್ದಳೆಗೆ ನಾನು ಬರುವುದಿಲ್ಲ. ಆರು ವರ್ಷ ನಿಮ್ಮ ರಾಮನ ಎದುರು ವಾಲಿಯಾಗಿ ಕೂತು ವಾದಿಸಿದೆ. ನಾನು ಕೇಳಿದ ಪ್ರಶ್ನೆಗಳಿಂದಲೇ ನಿಮ್ಮ ಮಾತು ಏರಿತು, ಚಪ್ಪಾಳೆ ನಿಮಗೆ ಬಿತ್ತು. ಈ ಸಲ ಬೇರೆ ಯಾರನ್ನೂ ಹುಡುಕಬೇಡಿ, ನನ್ನ ಕುರ್ಚಿಯನ್ನೂ ತೆಗೆಸಬೇಡಿ. ಖಾಲಿ ಕುರ್ಚಿಯ ಎದುರು ಒಬ್ಬರೇ ಕೂತು ಮಾತಾಡಿ. ನಿಮ್ಮ ರಾಮ ಯಾರನ್ನು ಗೆಲ್ಲುತ್ತಾನೆಂದು ಸಭೆಯೂ ನೋಡಲಿ.

ಇತಿ,
ನಿಮ್ಮಿಂದಲೇ ಗಣಿತ ಕಲಿತ
ಸುಪ್ರೀತಾ